ಸೈಲೆನ್ಸರ್ ಬದಲಿಸುವಿರಾ? ಬೋಲ್ಟ್ ಬಿಗಿಯುವ ಮೊದಲು ಪೈಪ್ ತಾನಾಗಿ ಕೂರಲಿ

ಹೊಸ ಸೈಲೆನ್ಸರ್ ಹಾಕಿದ ಬೈಕ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಒಂದೇ. ಪೈಪ್ ತನ್ನ ಜಾಗದಲ್ಲಿ ನೆಟ್ಟಗೆ ಕೂತಿರುವುದಿಲ್ಲ; ಬೋಲ್ಟ್ ಅದನ್ನು ಬಲವಂತವಾಗಿ ಎಳೆದು ಹಿಡಿದಿರುತ್ತದೆ. ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಆಮೇಲೆ ಜೋಡಣೆಯ ಸಂದಿನಲ್ಲಿ ಹೊಗೆ ಸೋರತೊಡಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯುವ ಸದ್ದು ಕೇಳುತ್ತದೆ, ಕೊನೆಗೊಂದು ದಿನ ಸೈಲೆನ್ಸರ್ ಹಿಡಿದಿರುವ ಬ್ರ್ಯಾಕೆಟ್ ಬೆಸುಗೆಯ ಜಾಗದಲ್ಲೇ ಬಿರುಕು ಬಿಡುತ್ತದೆ. ಬೈಕ್‌ಗಳು ಸಾಲುಗಟ್ಟಿ ನಿಂತಿರುವ ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಲೇಬೇಕಾದ ಈ ಕೆಲಸಕ್ಕೆ ಮನೆಯಲ್ಲಾದರೆ ಇಡೀ ಬೆಳಗ್ಗೆಯನ್ನೇ ಕೊಡಬಹುದು. ಸ್ವತಃ ಮಾಡುವುದರ ನಿಜವಾದ ಲಾಭ ಅದೇ, ಉಳಿಯುವ ಕೂಲಿಯಲ್ಲ.

ಇಲ್ಲಿನ ವಿವರಣೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂತಹ, ಒಂದು ಸಿಲಿಂಡರ್ ಮತ್ತು ಒಂದು ಸೈಲೆನ್ಸರ್ ಇರುವ ಬೈಕನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬೇರೆ ಬೈಕ್‌ಗಳಲ್ಲಿ ಬೋಲ್ಟ್‌ನ ಅಳತೆ, ಜಾಗ ಬದಲಾಗಬಹುದು. ಕೆಲಸದ ಕ್ರಮ ಬದಲಾಗುವುದಿಲ್ಲ.

ಕೊಳ್ಳುವ ಮೊದಲು

ಎಂಜಿನ್ನಿನ ಹೆಡ್‌ನಿಂದ ಹೊರಟು ಬಾಗಿ ಕೆಳಗಿಳಿಯುವ ಕೊಳವೆ ಬೆಂಡ್ ಪೈಪ್. ಅದರ ತುದಿಗೆ ಕೂರುವುದು ಸೈಲೆನ್ಸರ್. ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಅದನ್ನು ಸ್ಲಿಪ್ ಆನ್ ಎನ್ನುತ್ತಾರೆ. ಬೆಂಡ್ ಪೈಪ್ ಸಹಿತ ಎಲ್ಲವನ್ನೂ ಬದಲಿಸಿದರೆ ಫುಲ್ ಸಿಸ್ಟಮ್. ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಸ್ಲಿಪ್ ಆನ್ ಮಾತ್ರ. ಅದಕ್ಕೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಹೊಗೆ ಮಾಲಿನ್ಯ ನಿಯಮದ ಬೈಕ್‌ಗಳಲ್ಲಿ ಹೊಗೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಇರುತ್ತವೆ. ಕನ್ವರ್ಟರ್ ವಿಷಾನಿಲಗಳನ್ನು ಕಡಿಮೆ ಹಾನಿಕರ ಅನಿಲಗಳಾಗಿ ಬದಲಿಸುತ್ತದೆ. ಸೆನ್ಸರ್ ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಗುರುತಿಸಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ, ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ. ಕನ್ವರ್ಟರ್ ಇಲ್ಲದ ಫುಲ್ ಸಿಸ್ಟಮ್ ಹಾಕಿದರೆ ಈ ಲೆಕ್ಕಾಚಾರವೇ ತಪ್ಪಿಹೋಗಬಹುದು. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತದೆ, ಇಸಿಯು ಮರುಹೊಂದಿಸಬೇಕಾಗುತ್ತದೆ, ಬೈಕ್ ಉಗುಳುವ ಗಾಳಿಯನ್ನು ಹಿಂದೆ ಬರುವವರು ಉಸಿರಾಡಬೇಕಾಗುತ್ತದೆ. ಕೆಲವು ಬೈಕ್‌ಗಳಲ್ಲಿ ಕನ್ವರ್ಟರ್ ಬೆಂಡ್ ಪೈಪಿನಲ್ಲಿರುತ್ತದೆ, ಕೆಲವದರಲ್ಲಿ ಸೈಲೆನ್ಸರಿನ ಒಳಗೇ ಇರುತ್ತದೆ. ನಿಮ್ಮ ಬೈಕಿನಲ್ಲಿ ಎಲ್ಲಿದೆ ಎಂದು ತಿಳಿಯದೆ ಹಣ ಕೊಡಬೇಡಿ. ಸೈಲೆನ್ಸರಿನ ಒಳಗಿದ್ದರೆ, ಹೊಸದರಲ್ಲೂ ಕನ್ವರ್ಟರ್ ಇರಲೇಬೇಕು.

ಇನ್ನು ಸದ್ದಿನ ವಿಚಾರ. 80ರಿಂದ 175 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ 77 ಡೆಸಿಬೆಲ್, 175 ಸಿಸಿಗಿಂತ ಹೆಚ್ಚಿನದಕ್ಕೆ 80 ಡೆಸಿಬೆಲ್ ಎಂದು ತಯಾರಕರಿಗೆ ಮಿತಿ ಇದೆ. ಡೆಸಿಬೆಲ್ ಅಂಕಿಗಳು ಮೋಸಗೊಳಿಸುವಂಥವು: ಕೇವಲ ಮೂರು ಹೆಚ್ಚಾದರೂ ಸದ್ದಿನ ಶಕ್ತಿ ಇಮ್ಮಡಿಯಾಗಿರುತ್ತದೆ. ಮಾರುಕಟ್ಟೆಯಲ್ಲಿ ಪಂಜಾಬ್, ಇಂದೋರಿ, ಡಾಲ್ಫಿನ್ ಎಂಬ ಹೆಸರುಗಳಲ್ಲಿ ಸಿಗುವ ಸೈಲೆನ್ಸರ್‌ಗಳಲ್ಲಿ ಹೆಚ್ಚಿನವು ಈ ಮಿತಿಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಕಾನೂನು ಒಪ್ಪದ ಮಾರ್ಪಾಡಿಗೆ, ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ. ಶಬ್ದ ಮತ್ತು ವಾಯು ಮಾಲಿನ್ಯದ ಮಾನದಂಡ ಮೀರಿದರೆ 190(2) ಸೆಕ್ಷನ್ ಅಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು, ಲೈಸೆನ್ಸ್ ಮೂರು ತಿಂಗಳು ಅನರ್ಹವಾಗಬಹುದು. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ. ಆದ್ದರಿಂದ ಬೈಕ್ ಕಂಪನಿಯೇ ನಿಮ್ಮ ಮಾದರಿಗೆಂದು ಮಾರುವ ಆಕ್ಸೆಸರಿ ಸೈಲೆನ್ಸರ್ ಮೊದಲ ಆಯ್ಕೆಯಾಗಲಿ. ಹೊರಗಿನ ತಯಾರಕರದಾದರೆ ಭಾರತದ ರಸ್ತೆ ನಿಯಮಕ್ಕೆ ಒಪ್ಪಿಗೆ ಪಡೆದದ್ದೇ ಎಂಬುದಕ್ಕೆ ದಾಖಲೆ ಕೇಳಿ. ಬಾಯಿಮಾತಿನ ಭರವಸೆ ದಾಖಲೆಯಲ್ಲ. ವಾರಂಟಿ ಇನ್ನೂ ಇರುವ ಬೈಕ್ ಆದರೆ ಸರ್ವಿಸ್ ಸೆಂಟರಿನಲ್ಲಿ, ವಿಮೆಯ ವಿಷಯದಲ್ಲಿ ವಿಮಾ ಕಂಪನಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಸೈಲೆನ್ಸರ್ ಬದಲಿಸಿದರೆ ಬೈಕಿನ ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನು ನಂಬಿ ಕೊಳ್ಳಬೇಡಿ. ಸ್ಲಿಪ್ ಆನ್‌ನಿಂದ ಸಿಗುವುದು ಹೆಚ್ಚೆಂದರೆ ತೂಕದಲ್ಲಿ ಇಳಿಕೆ, ಸ್ವರದಲ್ಲಿ ಬದಲಾವಣೆ, ತುಕ್ಕು ಹಿಡಿಯದ ಲೋಹ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಬೈಕ್ ಓಡಿಸುವವರಿಗೆ ಈ ಕೊನೆಯದೇ ದೊಡ್ಡ ಕಾರಣ. ಬಣ್ಣ ಬಳಿದ ಸಾದಾ ಉಕ್ಕಿಗಿಂತ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಲ್ಲಿ ಬಹುಕಾಲ ಬಾಳುತ್ತದೆ.

ಅಂಗಡಿಗೆ ಹೋಗುವ ಮೊದಲು ವರ್ನಿಯರ್ ಕ್ಯಾಲಿಪರ್‌ನಿಂದ ಬೆಂಡ್ ಪೈಪಿನ ತುದಿಯ ಹೊರ ವ್ಯಾಸ ಅಳೆದು ಬರೆದುಕೊಳ್ಳಿ. ಹೊಸ ಸೈಲೆನ್ಸರಿನ ಬಾಯಿಯ ಒಳ ವ್ಯಾಸ ಅದಕ್ಕೆ ಹೊಂದಬೇಕು. ‘ಎಲ್ಲ ಬೈಕ್‌ಗೂ ಆಗುತ್ತದೆ’ ಎನ್ನುವ ಸೈಲೆನ್ಸರ್ ಯಾವ ಬೈಕಿಗೂ ಸರಿಯಾಗಿ ಆಗುವುದಿಲ್ಲ. ಸೈಲೆನ್ಸರಿನ ಜೊತೆಗೇ ಹೊಸ ಪ್ಯಾಕಿಂಗ್ (ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್), ಹೊಸ ಕ್ಲ್ಯಾಂಪ್ ಕೊಳ್ಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಿನವರು ಸರ್ವಿಸ್ ಸೆಂಟರಿನ ಬಿಡಿಭಾಗ ವಿಭಾಗದಲ್ಲಿ ಕೇಳಬಹುದು.

ಹಳೆಯದನ್ನು ಬಿಚ್ಚುವುದು

ಹಿಂದಿನ ಸಂಜೆಯೇ ಕೆಲಸ ಶುರುವಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಬಿಚ್ಚಬೇಕಾದ ಪ್ರತಿ ನಟ್, ಬೋಲ್ಟ್‌ಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬ್ರೇಕ್ ಡಿಸ್ಕ್ ಮತ್ತು ಟೈರಿನ ಮೇಲೆ ಒಂದು ಹನಿಯೂ ಬೀಳದಂತೆ ಬಟ್ಟೆ ಮುಚ್ಚಿಡಿ.

ಬೆಳಿಗ್ಗೆ ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಓಡಿಸಿ ತಂದ ಬೈಕಾದರೆ ಕನಿಷ್ಠ ಎರಡು ಗಂಟೆ ತಣಿಯಲು ಬಿಡಿ. ಓಡುವಾಗ ಬೆಂಡ್ ಪೈಪ್ ನೂರಾರು ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ಬಿಚ್ಚುವ ಮೊದಲು ಎಲ್ಲ ಜೋಡಣೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ವಾಷರ್ ಯಾವ ಕಡೆಗಿತ್ತು, ರಬ್ಬರ್ ಬುಷ್ ಹೇಗೆ ಕೂತಿತ್ತು ಎಂಬುದು ಮಧ್ಯಾಹ್ನದ ಹೊತ್ತಿಗೆ ನೆನಪಿರುವುದಿಲ್ಲ.

ಮೊದಲು ಬೆಂಡ್ ಪೈಪಿಗೂ ಸೈಲೆನ್ಸರಿಗೂ ನಡುವಿನ ಕ್ಲ್ಯಾಂಪ್ ಸಡಿಲಿಸಿ. ಅನಂತರ ಸೈಲೆನ್ಸರನ್ನು ಚಾಸಿಗೆ ಹಿಡಿದಿರುವ ಬೋಲ್ಟ್‌ಗಳನ್ನು ಬಿಚ್ಚಿ. ಕೊನೆಯ ಬೋಲ್ಟ್ ಬಿಚ್ಚುವಾಗ ಸೈಲೆನ್ಸರ್ ಅಡಿಗೆ ಮರದ ತುಂಡು ಕೊಡಿ, ಇಲ್ಲವೇ ಮನೆಯವರಲ್ಲಿ ಒಬ್ಬರು ಹಿಡಿದುಕೊಳ್ಳಲಿ. ಕಂಪನಿಯ ಸೈಲೆನ್ಸರ್‌ಗಳು ನೋಟಕ್ಕಿಂತ ಭಾರ. ತೂಗಾಡಿದರೆ ಬೆಂಡ್ ಪೈಪಿನ ತುದಿ ಸೊಟ್ಟಗಾಗುತ್ತದೆ. ನಟ್ ಅಲುಗದಿದ್ದರೆ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ತಿರುಗಿಸಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಮತ್ತೆ ಬಿಗಿ ಮಾಡಿ, ಇನ್ನೊಮ್ಮೆ ಸ್ಪ್ರೇ ಹೊಡೆದು ಮತ್ತೆ ಬಿಚ್ಚಿ. ಎಂಜಿನ್ ಹೆಡ್‌ನಲ್ಲಿರುವ ಸ್ಟಡ್ ಮುರಿದರೆ ಆ ತುಂಡನ್ನು ಹೊರತೆಗೆಯಲು ಲೇತ್ ವರ್ಕ್‌ಶಾಪಿಗೇ ಹೋಗಬೇಕಾದೀತು.

ಕಳಚಿದ ಸೈಲೆನ್ಸರನ್ನು ಅತ್ತಿತ್ತ ಹೊರಳಿಸಿ ಎಳೆದರೆ ಬರುತ್ತದೆ. ಅದರ ಮೇಲೆ ಸೆಂಟರ್ ಸ್ಟ್ಯಾಂಡ್ ತಾಗಿ ನಿಲ್ಲುವ ರಬ್ಬರ್ ಇದೆಯೇ ನೋಡಿ. ಹಲವು ಬೈಕ್‌ಗಳಲ್ಲಿ ಇರುತ್ತದೆ. ಹೊಸ ಸೈಲೆನ್ಸರಿನಲ್ಲಿ ಆ ತಡೆ ಇಲ್ಲದಿದ್ದರೆ ಸ್ಟ್ಯಾಂಡ್ ಇನ್ನೂ ಮೇಲಕ್ಕೆ ಹೋಗಿ ಟೈರಿಗೋ ಚೈನಿಗೋ ಬಡಿಯುತ್ತದೆ. ಬೇರೆ ತಡೆ ಕೂರಿಸದೆ ಆ ಬೈಕನ್ನು ರಸ್ತೆಗಿಳಿಸಲೇಬಾರದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಹಿರಿಯರಿಗೆ ಈ ಕೆಲಸ ಹೊಸದಲ್ಲ. ಟೂ ಸ್ಟ್ರೋಕ್ ಎಂಜಿನ್ ಆಯಿಲ್ ಸಹಿತ ಉರಿಯುವುದರಿಂದ ಎರಡೂ ಸೈಲೆನ್ಸರ್‌ಗಳಲ್ಲಿ ಕರಿ ಕಟ್ಟಿಕೊಳ್ಳುತ್ತಿತ್ತು. ಬಿಚ್ಚಿ ಕೆರೆದು ತೆಗೆಯುವುದು ಮಾಲೀಕನ ವಾಡಿಕೆಯ ಕೆಲಸಗಳಲ್ಲಿ ಒಂದಾಗಿತ್ತು. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೂರಿಸುವುದು

ಬೆಂಡ್ ಪೈಪಿನ ತುದಿಯಲ್ಲಿ ಅಂಟಿರುವ ಹಳೆಯ ಪ್ಯಾಕಿಂಗ್ ಚೂರು, ತುಕ್ಕು, ಕರಿ ಎಲ್ಲವನ್ನೂ ನಯವಾದ ಎಮರಿ ಕಾಗದದಿಂದ ಉಜ್ಜಿ ತೆಗೆಯಿರಿ. ಉದುರಿದ ಪುಡಿ ಪೈಪಿನೊಳಗೆ ಹೋಗದಂತೆ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಮರೆಯದೆ ತೆಗೆಯಿರಿ. ಹಳೆಯ ಪ್ಯಾಕಿಂಗ್ ಒಮ್ಮೆ ಅದುಮಿಸಿಕೊಂಡು ತನ್ನ ಆಕಾರ ಪಡೆದಿರುತ್ತದೆ. ಎರಡನೇ ಸಲ ಅದು ಸಂದು ಮುಚ್ಚುವುದಿಲ್ಲ. ನೋಡಲು ಚೆನ್ನಾಗಿದ್ದರೂ ಹೊಸದನ್ನೇ ಹಾಕಿ. ಪ್ಯಾಕಿಂಗ್ ಬದಲು ಸಾಮಾನ್ಯ ಸಿಲಿಕೋನ್ ಗಮ್ ಹಚ್ಚುವವರಿದ್ದಾರೆ. ಆ ಬಿಸಿಗೆ ಅದು ನಿಲ್ಲುವುದಿಲ್ಲ, ಮೇಲಾಗಿ ಸಿಲಿಕೋನಿನ ಆವಿ ತಾಗಿದರೆ ಆಕ್ಸಿಜನ್ ಸೆನ್ಸರ್ ಕೆಡುತ್ತದೆ.

ಈಗ ಹೊಸ ಸೈಲೆನ್ಸರಿಗೆ ಕ್ಲ್ಯಾಂಪ್ ಮೊದಲೇ ಪೋಣಿಸಿ ಬೆಂಡ್ ಪೈಪಿಗೆ ತೂರಿಸಿ. ಸುತ್ತಿಗೆ ಬೇಡ. ಅಂಗೈಯಿಂದ ಒತ್ತಿ, ಎಡಬಲಕ್ಕೆ ಸ್ವಲ್ಪ ತಿರುಗಿಸುತ್ತ ಒಳಗೆ ಕಳುಹಿಸಿ. ಪೂರ್ತಿ ಒಳಗೆ ಹೋದ ಮೇಲೆ ಸೈಲೆನ್ಸರಿನ ತೂತೂ ಚಾಸಿಯ ಬ್ರ್ಯಾಕೆಟ್ ತೂತೂ ಒಂದರ ಎದುರಿಗೊಂದು ಬರಬೇಕು. ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ನೋಡಿ. ಬೆರಳಿಗೇ ಸಲೀಸಾಗಿ ಹೋದರೆ ಪೈಪ್ ಸರಿಯಾಗಿ ಕೂತಿದೆ ಎಂದರ್ಥ. ಸ್ಪ್ಯಾನರ್ ಹಾಕಿದರಷ್ಟೇ ಹೋಗುತ್ತದೆ ಎಂದಾದರೆ ಅಲ್ಲಿಗೇ ನಿಲ್ಲಿಸಿ.

ತೂತುಗಳು ಕೆಲವು ಮಿಲಿಮೀಟರ್ ತಪ್ಪಿದ್ದರೆ ಮೊದಲು ಸೈಲೆನ್ಸರನ್ನು ಪೈಪಿನ ಸುತ್ತ ತಿರುಗಿಸಿ ನೋಡಿ. ಆಗದಿದ್ದರೆ ಎಂಜಿನ್ ಹೆಡ್‌ನಲ್ಲಿ ಬೆಂಡ್ ಪೈಪನ್ನು ಹಿಡಿದಿರುವ ಎರಡು ನಟ್‌ಗಳನ್ನು ಸಡಿಲಿಸಿ, ಬೆಂಡ್ ಪೈಪಿಗೆ ಅಲುಗಾಡಲು ಎಡೆ ಕೊಡಿ. ಹೀಗೆ ಸಡಿಲಿಸಿದ ಮೇಲೆ ಹೆಡ್‌ಗೂ ಬೆಂಡ್ ಪೈಪಿಗೂ ನಡುವಿನ ಪ್ಯಾಕಿಂಗನ್ನೂ ಹೊಸದಾಗಿ ಹಾಕುವುದು ಕ್ಷೇಮ. ಬೆಂಡ್ ಪೈಪನ್ನೇ ಹೊರತೆಗೆಯುವುದಾದರೆ ಮೊದಲು ಆಕ್ಸಿಜನ್ ಸೆನ್ಸರಿನ ಕನೆಕ್ಟರ್ ಬಿಡಿಸಿ. ವೈರ್ ತಿರುಚಬಾರದು, ಸೆನ್ಸರಿನ ಮೂತಿಗೆ ಗ್ರೀಸ್, ಎಣ್ಣೆ ಯಾವುದೂ ತಾಗಬಾರದು. ಬ್ರ್ಯಾಕೆಟ್ ಪಕ್ಕಕ್ಕೆ ಅಂತರ ಉಳಿದರೆ ಅಷ್ಟೇ ದಪ್ಪದ ವಾಷರ್ ಸೇರಿಸಿ. ಇಷ್ಟು ಮಾಡಿದರೂ ಹೊಂದದಿದ್ದರೆ ಸೈಲೆನ್ಸರ್ ನಿಮ್ಮ ಬೈಕಿನದಲ್ಲ, ಹಿಂದಿರುಗಿಸಿ. ಬ್ರ್ಯಾಕೆಟನ್ನು ಬಡಿದು ಬಗ್ಗಿಸಿ ಕೂರಿಸಿದರೆ ಎಂಜಿನ್ನಿನ ಪ್ರತಿ ನಡುಕವೂ ಆ ಬಗ್ಗಿದ ಜಾಗವನ್ನೇ ಹುಡುಕಿಕೊಂಡು ಬರುತ್ತದೆ.

ಎಲ್ಲ ಬೋಲ್ಟ್‌ಗಳೂ ಬೆರಳಿನ ಬಿಗಿಯಲ್ಲಿ ನಿಂತ ಮೇಲೆ, ಆಗ ಮಾತ್ರ ಸ್ಪ್ಯಾನರ್. ಎಂಜಿನ್ನಿನ ಕಡೆಯಿಂದ ಹಿಂದಕ್ಕೆ ಬನ್ನಿ: ಮೊದಲು ಹೆಡ್‌ನ ನಟ್‌ಗಳು (ಸಡಿಲಿಸಿದ್ದರೆ), ಆಮೇಲೆ ನಡುವಿನ ಕ್ಲ್ಯಾಂಪ್, ಕಟ್ಟಕಡೆಗೆ ಚಾಸಿಯ ಬೋಲ್ಟ್. ಹೆಡ್‌ನ ಎರಡು ನಟ್‌ಗಳನ್ನು ಒಂದಾದ ಮೇಲೆ ಒಂದರಂತೆ ಅರ್ಧರ್ಧ ಸುತ್ತು ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಪ್ಯಾಕಿಂಗ್ ಓರೆಯಾಗಿ ಅದುಮಿಕೊಳ್ಳುತ್ತದೆ. ಹಿಂದಿನ ಬೋಲ್ಟನ್ನು ಮೊದಲು ಬಿಗಿಯುವುದೇ ಎಲ್ಲರಲ್ಲೂ ಇರುವ ಅಭ್ಯಾಸ, ಭಾರ ಕೈಗೆ ತಾಗುವುದು ಅಲ್ಲೇ ಆದ್ದರಿಂದ. ಆದರೆ ಹಾಗೆ ಮಾಡಿದಾಗ ಪೈಪಿನ ಎಲ್ಲ ಸೆಳೆತವೂ ಮುಂದಿನ ಪ್ಯಾಕಿಂಗಿನ ಮೇಲೆ ಬೀಳುತ್ತದೆ. ಚಾಸಿಯ 8 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ಸರ್ವಿಸ್ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರು ಪರಿಚಯದ ಗ್ಯಾರೇಜಿನಿಂದ ಅರ್ಧ ದಿನಕ್ಕೆ ಎರವಲು ತಂದರೂ ಆದೀತು.

ಸ್ಟಾರ್ಟ್ ಮಾಡುವ ಮೊದಲು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಸೈಲೆನ್ಸರನ್ನು ಚೆನ್ನಾಗಿ ಒರೆಸಿ. ಬೆರಳಿನ ಜಿಡ್ಡು ಉಳಿದರೆ ಮೊದಲ ಬಿಸಿಗೇ ಸ್ಟೀಲಿನ ಮೇಲೆ ಕಂದು ಗುರುತಾಗಿ ನಿಂತುಬಿಡುತ್ತದೆ, ಮತ್ತೆ ಸುಲಭವಾಗಿ ಹೋಗುವುದಿಲ್ಲ.

ಪರೀಕ್ಷೆ

ಬೈಕನ್ನು ಬಯಲಿಗೆ ತಂದು ಸ್ಟಾರ್ಟ್ ಮಾಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೈಪ್ ಕಾಯುವ ಮೊದಲೇ ಜೋಡಣೆಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ. ಎಂಜಿನ್ ಆರಿಸಿ, ಆ ಜೋಡಣೆಯನ್ನು ಸಡಿಲಿಸಿ ಮತ್ತೆ ಕೂರಿಸಿ. ಬರಿದೇ ಇನ್ನಷ್ಟು ಬಿಗಿದು ಸೋರಿಕೆ ನಿಲ್ಲಿಸಲು ಹೋದರೆ ಕ್ಲ್ಯಾಂಪ್ ಬೋಲ್ಟಿನ ಮರೆ (ಥ್ರೆಡ್) ಹಾಳಾಗುತ್ತದೆ.

ಎಂಜಿನ್ ಆರಿಸಿದ ಮೇಲೆ ಇಬ್ಬರು ಬೈಕಿನ ಮೇಲೆ ಕೂತು ಹಿಂದಿನ ಸ್ಪ್ರಿಂಗನ್ನು ಚೆನ್ನಾಗಿ ಅದುಮಲಿ. ನೀವು ಕೆಳಗೆ ಕೂತು ಸೈಲೆನ್ಸರ್ ಸ್ವಿಂಗ್ ಆರ್ಮಿಗೆ (ಹಿಂದಿನ ಚಕ್ರ ಹಿಡಿದಿರುವ ತೋಳಿಗೆ), ಟೈರಿಗೆ ತಾಗುತ್ತದೆಯೇ ನೋಡಿ. ಬ್ರೇಕ್ ಪೆಡಲ್ ಒತ್ತಿದಾಗ ಸೈಲೆನ್ಸರಿಗೆ ತಾಗಿ ನಿಲ್ಲಬಾರದು. ಹಿಂದೆ ಕೂತವರ ಪಾದ, ಸೀರೆ ಅಥವಾ ದುಪಟ್ಟಾದ ಅಂಚು ಬಿಸಿ ಲೋಹಕ್ಕೆ ತಾಗುವಂತಿದ್ದರೆ ಹೀಟ್ ಶೀಲ್ಡ್ ಹಾಕಲೇಬೇಕು.

ಮೊದಲ ದಿನ ಹತ್ತಿಪ್ಪತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಹೊಸ ಪೈಪಿನಿಂದ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬರುವುದು ಸಹಜ. ತಯಾರಿಕೆಯ ಎಣ್ಣೆ ಉರಿಯುತ್ತಿರುತ್ತದೆ. ಪೂರ್ತಿ ತಣಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಅದೇ ಕ್ರಮದಲ್ಲಿ ಇನ್ನೊಮ್ಮೆ ಬಿಗಿದು ನೋಡಿ. ಬಿಸಿಗೆ ಹಿಗ್ಗಿ ಕುಗ್ಗಿದ ಪ್ಯಾಕಿಂಗ್ ಸ್ವಲ್ಪ ಕೆಳಗಿಳಿದಿರುತ್ತದೆ, ಬೋಲ್ಟ್ ಕಾಲು ಸುತ್ತು ಹೋದರೂ ಆಶ್ಚರ್ಯವಿಲ್ಲ. ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ. ಆಗ ಜೋಡಣೆಯ ಸುತ್ತ ಕಪ್ಪು ಮಸಿ ಕಂಡರೆ ಸಣ್ಣ ಸೋರಿಕೆ ಇನ್ನೂ ಇದೆ. ಆಕ್ಸಿಲರೇಟರ್ ಬಿಟ್ಟಾಗ ಸಿಡಿಯುವ ಸದ್ದಿಗೂ ಎಷ್ಟೋ ಸಲ ಅದೇ ಕಾರಣ: ಸಂದಿನಿಂದ ಒಳಸೇರಿದ ಗಾಳಿಗೆ, ಉರಿಯದೆ ಉಳಿದ ಪೆಟ್ರೋಲ್ ಆವಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಎಂಜಿನ್ ದೀಪ ಉರಿದರೆ ತಡಮಾಡದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಸೈಲೆನ್ಸರಿನ ತುದಿಯಲ್ಲಿ ಒಂದೇ ಬೋಲ್ಟ್ ಬಿಚ್ಚಿದರೆ ಹೊರಬರುವ ಬ್ಯಾಫಲ್ ಕೆಲವದರಲ್ಲಿ ಇರುತ್ತದೆ. ಸದ್ದನ್ನು ಕಾನೂನಿನ ಮಿತಿಯಲ್ಲಿ ಹಿಡಿದಿರುವುದೇ ಅದು, ಅದನ್ನು ತೆಗೆಯಬೇಡಿ. ವಾರದೊಳಗೆ ಹೊಗೆ ತಪಾಸಣೆ ಮಾಡಿಸಿದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆಯೇ ಎಂಬುದರ ಸುಳಿವೂ ಸಿಗುತ್ತದೆ. ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕದೆ ಒಳಗಿನ ನೀರು ಬಸಿದು, ಹೊರಗೆ ತೆಳುವಾಗಿ ಎಣ್ಣೆ ಸವರಿ, ಎರಡೂ ಬಾಯಿ ಮುಚ್ಚಿ ಒಣ ಜಾಗದಲ್ಲಿಡಿ. ಬೈಕ್ ಮಾರುವಾಗಲೂ, ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಒಯ್ಯುವಾಗಲೂ ಅದು ಬೇಕಾಗಬಹುದು. ಹೊಸದರ ಬಿಲ್ ಮತ್ತು ಒಪ್ಪಿಗೆ ಪತ್ರದ ನಕಲು ಬೈಕಿನ ದಾಖಲೆಗಳ ಜೊತೆಯಲ್ಲೇ ಇರಲಿ.