ಸ್ಟಾರ್ಟರ್ ಪೆಟ್ಟಿಗೆಗೆ ಇರುವೆ ನುಗ್ಗಿದಾಗ

ಮೊದಲ ಮಳೆಯ ಮರುದಿನ ನಮ್ಮ ಅಡಿಕೆ ತೋಟದ ಪಂಪ್‌ಸೆಟ್ಟಿನ ಹಸಿರು ಗುಂಡಿ ಒತ್ತಿದೆ. ಮೋಟಾರು ತಿರುಗದೆ ಬರೀ ಗುಂಯ್‌ಗುಟ್ಟಿತು. ಸ್ಟಾರ್ಟರ್ ಪೆಟ್ಟಿಗೆ ತೆರೆದರೆ, ಮೋಟಾರಿಗೆ ಕರೆಂಟ್ ಕೂಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಬೆಳ್ಳಿ ಬಿಲ್ಲೆಗಳ ನಡುವೆ ಇರುವೆಗಳು ಅರೆದುಹೋಗಿ, ಸುಟ್ಟ ರಾಗಿಹಿಟ್ಟಿನಂತೆ ಮೆತ್ತಿಕೊಂಡಿದ್ದವು. ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದು, ಅಂದರೆ ಒಂದು ಫೇಸ್, ಕೂಡುತ್ತಲೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಗುಂಡಿ ಒತ್ತಬೇಡಿ, ಮೋಟಾರಿನೊಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟುಹೋಗುತ್ತದೆ.

ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಟೆಸ್ಟರ್ ಸರಿಯಿದೆಯೇ ಎಂದು ಮೊದಲು ಬೇರೆಡೆ ನೋಡಿ, ಆಮೇಲೆ ಪ್ರತಿಯೊಂದು ತುದಿಯನ್ನೂ ಪರೀಕ್ಷಿಸಿ. ಇದು 415 ವೋಲ್ಟ್. ಅಳುಕಿದ್ದರೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಇರುವೆಗಳನ್ನು ಒಂದೂ ಬಿಡದೆ ಉದುರಿಸಿ, ಒಣಬಟ್ಟೆಯಲ್ಲಿ ಬಿಲ್ಲೆಗಳನ್ನು ಒರೆಸಿ. ಉಪ್ಪುಕಾಗದ ತಿಕ್ಕಿದರೆ ಬೆಳ್ಳಿ ಸವೆಯುತ್ತದೆ. ಸೀಮೆಎಣ್ಣೆ ಸುರಿಯಲೇಬೇಡಿ, ಒಂದು ಕಿಡಿ ಸಾಕು.

ಕೇಬಲ್ ಒಳಬರುವ ತೂತಿಗೆ ಸಂದು ಮುಚ್ಚುವ ರಬ್ಬರ್ ಬಿರಡೆ (ಗ್ಲ್ಯಾಂಡ್) ಹಾಕಿ. ಬೆರಳು ತೂರುವಷ್ಟು ಸಂದಿನಲ್ಲಿ ಹಲ್ಲಿಯೂ ನುಸುಳುತ್ತದೆ, ಎರಡು ಫೇಸ್‌ಗಳಿಗೆ ಅಡ್ಡಬಿದ್ದು ಸಾಯುತ್ತದೆ, ಪಾಪ. ಪೆಟ್ಟಿಗೆಯ ಮೇಲಿದ್ದ ಬಲ್ಬನ್ನು ನಾನು ದೂರದ ಕಂಬಕ್ಕೆ ಸರಿಸಿದೆ. ದೀಪದ ಹುಳು ಹಿಡಿಯಲು ಬರುತ್ತಿದ್ದ ಹಲ್ಲಿಗಳೂ ಅಲ್ಲಿಗೇ ಹೋದವು.