ಪುಟ್ಟ ಮಕ್ಕಳಿರುವ ಮನೆಯವರು ಕಿಟಕಿ ಬಣ್ಣ ನೋಡಿಕೊಳ್ಳಿ

ಬಸವನಗುಡಿ, ಮಲ್ಲೇಶ್ವರದ ಕಡೆ ಹಳೇ ಮನೆಗಳಲ್ಲಿ ಇರುವವರು ದಯವಿಟ್ಟು ಮೊದಲು ಕಿಟಕಿ ನೋಡಿ. ತೆರೆದು ಮುಚ್ಚುವಾಗ ಚೌಕಟ್ಟು ಉಜ್ಜಿ ಕೆಳಗೆ ಬಣ್ಣದ ಪುಡಿ ಉದುರಿರುತ್ತದೆ. ಅದರಲ್ಲಿ ಸೀಸ (ಲೆಡ್) ಎಂಬ ವಿಷಲೋಹ ಇರಬಹುದು. ನಮ್ಮ ದೇಶದಲ್ಲಿ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಮಗು ನೆಲ ಮುಟ್ಟಿ ಕೈ ಬಾಯಿಗಿಡುತ್ತದೆ ಅಲ್ವಾ? ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪೇಂಟರ್ ಒಣ ಉಜ್ಜುಕಾಗದ ಹಾಕಲು ಬಂದರೆ ತಡೆಯಿರಿ, ನೀರು ಹಾಕಿ ಉಜ್ಜಿಸಿ. ಬ್ಯಾಟರಿಯಲ್ಲೂ ಸೀಸ ಇರುತ್ತದೆ, ಹಾಗಾಗಿ ಆ ಕೆಲಸದವರು ಬಟ್ಟೆ ಬದಲಿಸಿಯೇ ಮಗು ಎತ್ತಿಕೊಳ್ಳಿ. ಅನುಮಾನವಿದ್ದರೆ ಲಕ್ಷಣ ಕಾಣಲಿ ಅಂತ ಸುಮ್ನೆ ಕಾಯಬೇಡಿ, ಡಾಕ್ಟರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಸೀಸ ಡೆಸಿಲೀಟರ್‌ಗೆ (100 ಮಿಲೀಗೆ) 5 ಮೈಕ್ರೋಗ್ರಾಂ ಮುಟ್ಟಿದರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.