ಸೂರ್ಯನ ಮೇಲಿನ ಕಪ್ಪು ಕಲೆ ನೋಡಲು ಒಂದು ಪುಟ್ಟ ಕನ್ನಡಿ ಸಾಕು

ಮೊದಲೇ ಹೇಳಿಬಿಡುತ್ತೇನೆ, ಸೂರ್ಯನನ್ನು ನೇರವಾಗಿ ನೋಡಲೇಬೇಡಿ. ಕಣ್ಣಿನೊಳಗಿನ ಪರದೆಗೆ ನೋವು ಗೊತ್ತಾಗುವುದಿಲ್ಲ. ಅದು ಸುಟ್ಟರೂ ಉರಿ ಅನ್ನಿಸುವುದಿಲ್ಲ. ನೋಟ ಮಂಜಾಗಿದೆ ಎಂದು ತಿಳಿಯುವುದು ಎಷ್ಟೋ ಹೊತ್ತಿನ ಮೇಲೆ. ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್, ಬಕೆಟ್‌ನ ಸಗಣಿ ನೀರು, ಯಾವುದನ್ನೂ ನಂಬಬೇಡಿ. ಸೂರ್ಯನಿಗೆ ಬೆನ್ನು ಹಾಕಿ, ಬಿಂಬವನ್ನು ಗೋಡೆ ಮೇಲೆ ನೋಡೋಣ.

ಅಂಗೈಯಗಲದ ಕನ್ನಡಿ ತಗೊಳ್ಳಿ. ದಪ್ಪ ಕಾಗದದಲ್ಲಿ ಪಂಚಿಂಗ್ ಮಷಿನ್‌ನಿಂದ ಒಂದೇ ಒಂದು ತೂತು ಮಾಡಿ, ಅದನ್ನು ಕನ್ನಡಿಗೆ ಅಂಟಿಸಿ. ತೂತು ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ, ಬಿಂಬ ದುಂಡಗೇ ಬರುತ್ತದೆ. ಒಂದು ಬಟ್ಟಲಿಗೆ ರಾಗಿ ತುಂಬಿ ಕನ್ನಡಿಯನ್ನು ಅದರಲ್ಲಿ ಒತ್ತಿ ನಿಲ್ಲಿಸಿ. ಹೇಗೆ ಬೇಕೋ ಹಾಗೆ ವಾಲಿಸಬಹುದು, ಜಾರುವುದಿಲ್ಲ.

ಬೆಳಿಗ್ಗೆ ಎಂಟು ಒಂಬತ್ತರ ಬಿಸಿಲಿಗೆ ಬಟ್ಟಲನ್ನು ಅಂಗಳದಲ್ಲಿಟ್ಟು, ಬೆಳಕನ್ನು ಬಾಗಿಲಿನ ಮೂಲಕ ಕತ್ತಲೆ ಕೋಣೆಯ ಬಿಳಿ ಗೋಡೆಗೆ ಬೀಳಿಸಿ. ಕನ್ನಡಿಯೊಳಗೆ ಯಾರೂ ಇಣುಕಬಾರದು, ಅಲ್ಲಿರುವುದೂ ಸೂರ್ಯನೇ ಅಲ್ವಾ? ಮಕ್ಕಳಿದ್ದರೆ ದೊಡ್ಡವರೊಬ್ಬರು ಬಟ್ಟಲಿನ ಪಕ್ಕದಲ್ಲೇ ನಿಂತಿರಲಿ.

ಗೋಡೆ ದೂರವಿದ್ದಷ್ಟೂ ಒಳ್ಳೆಯದು. ದೂರವನ್ನು 108ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ. 20 ಮೀಟರ್ ದೂರಕ್ಕೆ ಸುಮಾರು 18 ಸೆಂಟಿಮೀಟರ್. ಶಾಲೆಯ ಉದ್ದನೆಯ ಕಾರಿಡಾರ್ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಈಗ ಸುಮ್ನೆ ನಿಂತು ನೋಡಿ. ಬಿಂಬ ನಿಧಾನಕ್ಕೆ ತೆವಳುತ್ತದೆ. ಎರಡು ನಿಮಿಷದಲ್ಲಿ ತನ್ನ ಅಗಲದಷ್ಟೇ ಸರಿದಿರುತ್ತದೆ. ಅದು ಭೂಮಿ ತಿರುಗುತ್ತಿರುವುದು! ನನಗೆ ಇಡೀ ಪ್ರಯೋಗದಲ್ಲಿ ಬಹಳ ಇಷ್ಟವಾದದ್ದು ಇದೇ. ಬಿಂಬದಲ್ಲಿ ಕಂಡ ಕಪ್ಪು ಕಲೆ ನಿಜವೋ ಅಲ್ಲವೋ ಎಂದು ತಿಳಿಯುವುದೂ ಇದರಿಂದಲೇ. ಗೋಡೆಯ ಕೊಳೆ ಇದ್ದಲ್ಲೇ ಉಳಿಯುತ್ತದೆ, ಸೂರ್ಯನ ಕಲೆ ಬಿಂಬದ ಜೊತೆಗೇ ಹೋಗುತ್ತದೆ.

ಸಣ್ಣ ಕಲೆಗಳು ಇದರಲ್ಲಿ ಕಾಣುವುದಿಲ್ಲ. ದೊಡ್ಡ ಗುಂಪು ಮಾತ್ರ ಮಸುಕಾಗಿ ಕಾಣುತ್ತದೆ. ಕಲೆ ಅಂದರೆ ಕಾಂತಬಲ ಜಾಸ್ತಿಯಾಗಿ, ಒಳಗಿನ ಬಿಸಿ ಮೇಲೆ ಬರಲಾಗದೆ ತುಸು ತಣ್ಣಗಾದ ಜಾಗ. ಆ ಕಾಂತಬಲದ ಗಂಟು ಬಿಚ್ಚಿಕೊಂಡಾಗ ಕೆಲವೊಮ್ಮೆ ಸೂರ್ಯ ಬಿಸಿ ಅನಿಲದ ಮೋಡವನ್ನೇ ಉಗುಳುತ್ತಾನೆ. ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ ಸಾಕು, ಈ ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು.

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯ ಆಕಾಶ ಕೆಂಪಾಗಿದ್ದು ಇಂಥ ಮೋಡಗಳು ಭೂಮಿಗೆ ಬಂದು ಬಡಿದದ್ದರಿಂದಲೇ. ಅದಕ್ಕೆ ಕಾರಣವಾದ ಕಲೆಗಳ ಗುಂಪು ಸುಮಾರು 15 ಭೂಮಿಗಳಷ್ಟು ಅಗಲವಿತ್ತು. ನಿಮ್ಮ 18 ಸೆಂಟಿಮೀಟರ್ ಬಿಂಬದಲ್ಲಿ ಅದು ಹೆಬ್ಬೆರಳಿನಷ್ಟು ಕಾಣುತ್ತಿತ್ತು. ಇಂಥ ಸ್ಫೋಟಗಳನ್ನು ನೋಡುತ್ತಲೇ ಇರಲು ನಮ್ಮ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ.

ಕಲೆ ಸಿಕ್ಕರೆ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಬಿಂಬದ ಸುತ್ತ ಪೆನ್ಸಿಲ್ ಎಳೆದು, ಕಲೆ ಗುರುತಿಸಿ ತಾರೀಖು ಬರೆಯಿರಿ. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮಾಡಿ. ಸೂರ್ಯನೂ ತಿರುಗುವುದರಿಂದ ಕಲೆ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು ಎರಡು ವಾರದಲ್ಲಿ ದಾಟಿ ಮರೆಯಾಗುತ್ತದೆ. ಅಳಿಯದೆ ಉಳಿದಿದ್ದರೆ ಇನ್ನೆರಡು ವಾರ ಬಿಟ್ಟು ಮೊದಲು ಕಂಡ ಅಂಚಿನಲ್ಲೇ ಹುಡುಕಿ.